ಕಲ್ಲಿಗೆ ಧಾರವಾಡದ ಹೆಸರಿಟ್ಟ ಫೂಟ್

ಧಾರವಾಡವೆಂದೊಡನೆ ನಮ್ಮ ನೆನಪಿಗೆ ಬರುವುದು ಸಂಗೀತ, ಸಾಹಿತ್ಯ, ಪೇಢೆ ಮತ್ತು ಜಿಟಿಜಿಟಿ ಮಳೆ. ಆದರೆ ಈ ಊರಿನ ಹೆಸರಿಗೆ ಇನ್ನೊಂದು ಅರ್ಥವೂ ಉಂಟು. ಆಸ್ಟ್ರೇಲಿಯಾದಲ್ಲಿಯೋ ದಕ್ಷಿಣ ಆಫ್ರಿಕದಲ್ಲಿಯೋ ಭೂವಿಜ್ಞಾನ ಓದುವ ವಿದ್ಯಾರ್ಥಿಗೆ ನಮ್ಮ ಕವಿಗಳು, ಗಾಯಕರು ಗೊತ್ತಿರಲಾರರು. ಧಾರ್ವಾರ್ ಎಂಬ ಶಬ್ದ ಮಾತ್ರ ಗೊತ್ತಿರುತ್ತದೆ. ಅವನ ಪಾಲಿಗೆ ಅದು ಊರಲ್ಲ. ಕರ್ನಾಟಕದ ಬಹುಭಾಗವನ್ನು ಹೊತ್ತು ನಿಂತಿರುವ, ಭೂಮಿಯ ಅತ್ಯಂತ ಹಳೆಯ ತುಣುಕುಗಳಲ್ಲಿ ಒಂದಾದ ಶಿಲಾಪೀಠದ ಹೆಸರು. ಊರಿನ ಇಂಗ್ಲಿಷ್ ಕಾಗುಣಿತ ಎಂದೋ ಬದಲಾಯಿತು. ಶಾಸ್ತ್ರಗ್ರಂಥಗಳಲ್ಲಿ ಹಳೆಯ ರೂಪವೇ ಉಳಿದುಕೊಂಡಿದೆ.

ಆ ಹೆಸರನ್ನು ಇಟ್ಟವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಪಿತಾಮಹನೆಂದು ದೇಶವೆಲ್ಲ ಗೌರವಿಸುವ ಈ ವ್ಯಕ್ತಿ ತಮ್ಮ ಬದುಕಿನ ಉತ್ತಮ ವರ್ಷಗಳಲ್ಲಿ ಕೆಲವನ್ನು ಬೆಳಗಾವಿ, ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳ ಹಳ್ಳಕೊಳ್ಳಗಳಲ್ಲಿ ಕಳೆದರು. ಆದರೂ ಅವರ ನೆನಪು ಈ ಅವಳಿ ನಗರದಲ್ಲಿ ಭೂವಿಜ್ಞಾನ ಮತ್ತು ಪುರಾತತ್ತ್ವದ ತರಗತಿಗಳ ಆಚೆಗೆ ಹೆಚ್ಚು ಹೋಗಿಲ್ಲ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಡಿಸೆಂಬರಿನಲ್ಲಿ, ಇಪ್ಪತ್ನಾಲ್ಕರ ಪ್ರಾಯದಲ್ಲಿ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸೇರಿದರು. ಥಾಮಸ್ ಓಲ್ಡ್‌ಹ್ಯಾಮ್ ಅವರ ನೇತೃತ್ವದಲ್ಲಿ 1851ರಲ್ಲಿ ಆರಂಭವಾಗಿದ್ದ ಆ ಸಂಸ್ಥೆಗೆ ಇದ್ದ ಗುರಿ ಸ್ಪಷ್ಟವಾಗಿತ್ತು: ಕಲ್ಲಿದ್ದಲು ಎಲ್ಲಿದೆ, ಕಬ್ಬಿಣ ಎಲ್ಲಿದೆ, ಚಿನ್ನ ಎಲ್ಲಿದೆ ಎಂಬುದನ್ನು ಸರಕಾರಕ್ಕೆ ತಿಳಿಸುವುದು. ಸಾಮ್ರಾಜ್ಯದ ಬೊಕ್ಕಸಕ್ಕಾಗಿ ನಡೆದ ಕೆಲಸ ಅದು. ಅದೇ ಕೆಲಸದ ನಡುವೆ, ಬೊಕ್ಕಸಕ್ಕೆ ಕಾಸಿನ ಉಪಯೋಗವಿಲ್ಲದ ಸಂಗತಿಗಳನ್ನೂ ಗಮನಿಸಿದರೆಂಬುದೇ ಫೂಟ್ ಅವರ ವಿಶೇಷ.

1863ರ ಮೇ 30ರಂದು ಮದರಾಸಿನ ಹೊರವಲಯದ ಪಲ್ಲಾವರಂನಲ್ಲಿ ಜಲ್ಲಿಗಾಗಿ ತೋಡಿದ್ದ ಗುಂಡಿಯೊಂದರ ಮಣ್ಣಿನಲ್ಲಿ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದರ ಅಂಚುಗಳು ಮಳೆಗಾಳಿಗೆ ಸವೆದು ಆದವಲ್ಲ, ಯಾರೋ ಉದ್ದೇಶಪೂರ್ವಕವಾಗಿ ಚಕ್ಕೆ ಎಬ್ಬಿಸಿ ಮಾಡಿದವು ಎಂಬುದನ್ನು ಅವರು ಗುರುತಿಸಿದರು. ಭಾರತದಲ್ಲಿ ಹಳೆ ಶಿಲಾಯುಗದ ಮಾನವನ ಇರವನ್ನು ಸಾರಿದ ಮೊದಲ ಸಾಕ್ಷ್ಯ ಅದಾಗಿತ್ತು. ಇದು ಕೇವಲ ಅದೃಷ್ಟವಲ್ಲ. ಫ್ರಾನ್ಸಿನ ಸೋಮ್ ನದಿಯ ಜಲ್ಲಿಪದರಗಳಲ್ಲಿ ಸಿಕ್ಕ ಕಲ್ಲಿನ ಆಯುಧಗಳು ನಿಜವಾಗಿಯೂ ಪ್ರಾಚೀನವೆಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿ ಆಗಿನ್ನೂ ನಾಲ್ಕೇ ವರ್ಷಗಳಾಗಿದ್ದವು. ಡಾರ್ವಿನ್‌ನ ಪ್ರಸಿದ್ಧ ಗ್ರಂಥ ಹೊರಬಂದದ್ದೂ ಆ 1859ರಲ್ಲೇ. ಆ ಚರ್ಚೆಯ ಬಿಸಿಯಲ್ಲಿದ್ದ ತರುಣನಿಗೆ ಏನನ್ನು ನೋಡಬೇಕೆಂಬುದು ತಿಳಿದಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರ ಜೊತೆಗೆ ಅತ್ತಿರಂಪಾಕ್ಕಂ ಎಂಬಲ್ಲಿ ಅಂಥ ಆಯುಧಗಳ ದೊಡ್ಡ ನೆಲೆಯೇ ಸಿಕ್ಕಿತು. ಆ ನೆಲೆಯಲ್ಲಿ ನಡೆದ ಸಂಶೋಧನೆ, ಅಲ್ಲಿನ ಅತಿ ಹಳೆಯ ಆಯುಧಗಳು ಹತ್ತರಿಂದ ಹದಿನೈದು ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ತೋರಿಸಿಕೊಟ್ಟಿತು. ಫೂಟ್ ಎಷ್ಟು ದೂರದ ಬಾಗಿಲನ್ನು ತಟ್ಟಿದ್ದರೆಂಬುದು ನಮಗೆ ಸರಿಯಾಗಿ ತಿಳಿದದ್ದು ಒಂದೂವರೆ ಶತಮಾನದ ನಂತರ.

1860ರ ದಶಕದ ಕೊನೆಯಿಂದ ಕೆಲವು ವರ್ಷ ಅವರ ಕಾರ್ಯಕ್ಷೇತ್ರ ನಮ್ಮ ಭಾಗವಾಯಿತು. ಬ್ರಿಟಿಷರು ದಕ್ಷಿಣ ಮರಾಠಾ ಪ್ರದೇಶವೆಂದು ಕರೆಯುತ್ತಿದ್ದ ಈ ಕನ್ನಡ ನಾಡನ್ನು ಅವರು ಶಿಲೆ ಶಿಲೆಯಾಗಿ ಓದತೊಡಗಿದರು. ಆಗ ಹುಬ್ಬಳ್ಳಿಗೆ ರೈಲು ಬಂದಿರಲಿಲ್ಲ. ಬೇಸಗೆಯ ಬಿಸಿಲಿರಲಿ, ಎರಿಭೂಮಿಯ ಕೆಸರಿರಲಿ, ಊರಿಂದೂರಿಗೆ ಗುಡಾರ ಹೊತ್ತು ಸಾಗಬೇಕಿತ್ತು. ಈ ತಿರುಗಾಟದ ಫಲವಾಗಿ ಬಂದದ್ದು 1876ರ ಬೃಹತ್ ವರದಿ. ಬಾದಾಮಿಯ ಕೆಂಪು ಮರಳುಗಲ್ಲನ್ನೂ ಅದರ ನೆರೆಯ ಸುಣ್ಣಗಲ್ಲನ್ನೂ ಒಂದು ವಂಶವೆಂದು ಗುರುತಿಸಿ ಕಲಾದಗಿಯ ಹೆಸರಿಟ್ಟದ್ದು ಆ ವರದಿಯಲ್ಲಿ. ಮಲಪ್ರಭೆ ಮತ್ತು ಘಟಪ್ರಭೆಯ ಜಲ್ಲಿಪದರಗಳಲ್ಲಿ ಹಳೆ ಶಿಲಾಯುಗದ ಆಯುಧಗಳಿರುವುದನ್ನು ಅವರು ತೋರಿಸಿದ್ದು ಇದೇ ಕಾಲದಲ್ಲಿ. ಚಾಲುಕ್ಯರ ಗುಹೆಗಳಿಗಾಗಿ ಬಾದಾಮಿಗೆ ಹೋಗುವ ನಾವು, ಅಲ್ಲಿಂದ ಸ್ವಲ್ಪವೇ ದೂರದ ಹೊಳೆಯ ದಂಡೆಯಲ್ಲಿ ಚಾಲುಕ್ಯರಿಗಿಂತ ಲಕ್ಷಾಂತರ ವರ್ಷ ಹಿಂದಿನವರ ಕೈಕೆಲಸ ಬಿದ್ದಿರಬಹುದೆಂದು ಎಣಿಸುವುದಿಲ್ಲ.

ಗೋಕಾಕ ಸಮೀಪದ ಮೆಕ್ಕಲು ಮಣ್ಣಿನಲ್ಲಿ ಅವರಿಗೆ ಸಿಕ್ಕಿದ್ದು ಇನ್ನೂ ವಿಚಿತ್ರವಾದ ವಸ್ತು: ಘೇಂಡಾಮೃಗದ ಎಲುಬುಗಳು. ಇಂದು ಅಸ್ಸಾಮಿನ ಜೌಗುಪ್ರದೇಶಕ್ಕೆ ಹೋಗಿ ನೋಡಬೇಕಾದ ಜಾತಿಯ ಪ್ರಾಣಿ ಒಂದು ಕಾಲದಲ್ಲಿ ಘಟಪ್ರಭೆಯ ಸೀಮೆಯಲ್ಲಿ ಮೇಯುತ್ತಿತ್ತು. 1874ರಲ್ಲಿ ಫೂಟ್ ಅದನ್ನು ವಿವರಿಸಿ ದಖನ್ನಿನ ಹೆಸರನ್ನು ಸೇರಿಸಿ ಪ್ರಕಟಿಸಿದರು. ಒಂದು ಎಲುಬು ಹೇಳಿದ್ದು ಕೇವಲ ಒಂದು ಪ್ರಾಣಿಯ ಕಥೆಯನ್ನಲ್ಲ. ಈ ಒಣನೆಲದಲ್ಲಿ ಒಂದು ಕಾಲಕ್ಕೆ ಅಂಥ ಪ್ರಾಣಿಗೆ ಸಾಲುವಷ್ಟು ನೀರು, ಹುಲ್ಲು ಇದ್ದವೆಂಬುದನ್ನೂ ಅದು ಸೂಚಿಸಿತು.

ಅದೇ 1874ರಲ್ಲಿ ಅವರು ಬರೆದ ಇನ್ನೊಂದು ಲೇಖನ ಡಂಬಳದ ಗುಡ್ಡಗಳ ಚಿನ್ನವನ್ನು ಕುರಿತದ್ದು. ಡಂಬಳದ ಗುಡ್ಡಗಳೆಂದರೆ ನಮ್ಮ ಕಪ್ಪತಗುಡ್ಡ. ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು, 1997ರಿಂದ ಗದಗ ಜಿಲ್ಲೆಯಲ್ಲಿದೆ. ಅಲ್ಲಿ ಮಳೆ ಬಂದು ಹಳ್ಳ ಹರಿದ ನಂತರ ಜಾಲಗಾರರು ಮರಳನ್ನು ಮರಿಗೆಯಲ್ಲಿ ಜಾಲಿಸಿ ಚಿನ್ನದ ಕಣ ತೆಗೆಯುತ್ತಿದ್ದರು. ಫೂಟ್ ಅವರ ಕಸುಬನ್ನು ಹತ್ತಿರದಿಂದ ಗಮನಿಸಿದರು. ಯಾವ ಹಳ್ಳದ ಮರಳಿನಲ್ಲಿ ಕಣ ಹೆಚ್ಚು, ಯಾವುದರಲ್ಲಿ ಇಲ್ಲ ಎಂಬುದನ್ನು ಆ ಹಳ್ಳಗಳು ಹಾಯ್ದು ಬರುವ ಶಿಲೆಗಳ ಜೊತೆಗಿಟ್ಟು ನೋಡಿದರು. ಸೊರಟೂರು ಕಡೆಯ ಒಂದು ಬಗೆಯ ಪದರುಶಿಲೆಗೂ ಚಿನ್ನಕ್ಕೂ ನಂಟಿರುವುದು ಅವರಿಗೆ ಕಾಣಿಸಿತು. ಮುಂದೆ ಅವರ ಅತಿ ದೊಡ್ಡ ತೀರ್ಮಾನಕ್ಕೆ ದಾರಿಯಾದ ಸುಳಿವುಗಳಲ್ಲಿ ಇದೂ ಒಂದು. ಆ ಅರಿವು ಜಾಲಗಾರರಲ್ಲಿ ತಲೆಮಾರುಗಳಿಂದ ಇದ್ದದ್ದೇ. ಅದು ಶಾಸ್ತ್ರವಾದದ್ದು ಫೂಟ್ ಅವರ ಟಿಪ್ಪಣಿಯಲ್ಲಿ. ಜಾಲಗಾರರ ಹೆಸರು ಮಾತ್ರ ಇತಿಹಾಸದಲ್ಲಿ ಉಳಿಯಲಿಲ್ಲ. ವಸಾಹತು ಕಾಲದ ವಿಜ್ಞಾನವನ್ನು ಮೆಚ್ಚುವಾಗ ಈ ಮಾತನ್ನು ಮರೆಯಬಾರದು.

ಆ ದೊಡ್ಡ ತೀರ್ಮಾನ ಯಾವುದು? ಫೂಟ್ ಅವರ ಕಾಲದವರೆಗೆ ದಕ್ಷಿಣ ಭಾರತದ ಹಳೆಯ, ಗಟ್ಟಿ ಶಿಲೆಗಳನ್ನೆಲ್ಲ ಒಂದೇ ರಾಶಿಯೆಂದು ಬಗೆಯುವುದು ವಾಡಿಕೆಯಾಗಿತ್ತು. ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು, ಅದರ ನಡುನಡುವೆ ಹಾಯುವ ಹಸಿರುಗಪ್ಪು ಪದರುಶಿಲೆಗಳು, ಕಬ್ಬಿಣದ ಪಟ್ಟೆಗಳು, ಎಲ್ಲವೂ ಒಂದೇ ವಂಶವೆಂಬ ಭಾವನೆ. 1876ರ ವರದಿಯಲ್ಲಿ ಸ್ವತಃ ಫೂಟ್ ಅವರು ನಂಬಿದ್ದೂ ಅದನ್ನೇ. ಆದರೆ 1880ರ ದಶಕದಲ್ಲಿ ಬಳ್ಳಾರಿಯನ್ನೂ ಮೈಸೂರು ಸಂಸ್ಥಾನದ ಚಿನ್ನದ ಸೀಮೆಗಳನ್ನೂ ಸುತ್ತುವಾಗ ಅವರಿಗೆ ಹಳೆಯ ತೀರ್ಮಾನ ಸರಿಹೋಗಲಿಲ್ಲ. ವಾಯವ್ಯದಿಂದ ಆಗ್ನೇಯಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುವ ಪಟ್ಟಿಗಳಲ್ಲಿ ಈ ಪದರುಶಿಲೆಗಳು ಕಾಣಿಸಿಕೊಳ್ಳುತ್ತಿದ್ದವು. ಅವು ನೈಸ್ ಶಿಲೆಯ ಒಡಲಿನವಲ್ಲ. ಅದರ ಮೇಲೆ ಒಂದು ಕಾಲಕ್ಕೆ ಹಾಸಿದ್ದು, ಆಮೇಲೆ ಸೀರೆಯ ನಿರಿಗೆಯಂತೆ ಮಡಿಚಿಕೊಂಡು, ನಿರಿಗೆಯ ತಳಭಾಗ ಮಾತ್ರ ಸವೆಯದೆ ಉಳಿದ ಅವಶೇಷಗಳು ಎಂದು ಅವರು ಮನಗಂಡರು. ದಕ್ಷಿಣದ ಚಿನ್ನ ಮುಖ್ಯವಾಗಿ ಇರುವುದು ಈ ಪಟ್ಟಿಗಳಲ್ಲೇ ಎಂಬುದೂ ಸ್ಪಷ್ಟವಾಯಿತು. ಈ ಶಿಲಾಸಮೂಹವನ್ನು ಬೇರ್ಪಡಿಸಿ ಅದಕ್ಕೊಂದು ಹೆಸರು ಕೊಡಬೇಕಾದಾಗ ಅವರು ಆರಿಸಿಕೊಂಡದ್ದು ಧಾರವಾಡವನ್ನು. 1888ರಲ್ಲಿ ಪ್ರಕಟವಾದ ಪ್ರಬಂಧದಿಂದ ಆ ಹೆಸರು ಶಾಸ್ತ್ರದಲ್ಲಿ ನೆಲೆಯೂರಿತು.

ಹನ್ನೆರಡು ವರ್ಷ ಹಿಂದೆ ತಾವೇ ಅಚ್ಚು ಹಾಕಿಸಿದ ಅಭಿಪ್ರಾಯವನ್ನು ತಾವೇ ತಿದ್ದಿಕೊಂಡದ್ದು ಇಲ್ಲಿ ಗಮನಿಸಬೇಕಾದ ಅಂಶ. ಐವತ್ತು ದಾಟಿದ, ಇಲಾಖೆಯಲ್ಲಿ ಹೆಸರು ಮಾಡಿದ ಅಧಿಕಾರಿಗೆ ಅದು ಅನಿವಾರ್ಯವೇನೂ ಆಗಿರಲಿಲ್ಲ. ಪದವಿಗಿಂತ ಕಲ್ಲಿನ ಸಾಕ್ಷ್ಯ ದೊಡ್ಡದೆಂದು ಬಗೆದದ್ದರಿಂದಲೇ ಧಾರವಾಡದ ಹೆಸರು ಜಗತ್ತಿನ ಭೂಪಟಕ್ಕೆ ಬಂತು.

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಮತ್ತು ಅವರ ಸಂಗಡಿಗರು ಫೂಟ್ ಅವರ ಕ್ರಮವನ್ನು ತಲೆಕೆಳಗು ಮಾಡಿದರು. ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ನೈಸ್ ಆಮೇಲೆ ಅವುಗಳೊಳಕ್ಕೆ ನುಗ್ಗಿದ್ದು ಎಂಬುದು ಅವರ ವಾದ. ಆ ಅಭಿಪ್ರಾಯ ದಶಕಗಳ ಕಾಲ ಆಳಿತು. 1970 ಮತ್ತು 80ರ ದಶಕಗಳ ಮರುಪರಿಶೀಲನೆಯಲ್ಲಿ ಕಂಡದ್ದು ಇಷ್ಟು: ನೈಸ್‌ನೊಳಗೆ ಚೂರುಚೂರಾಗಿ ಸಿಕ್ಕಿಕೊಂಡಿರುವ, ಅದಕ್ಕಿಂತಲೂ ಹಳೆಯ ಪದರುಶಿಲೆಗಳು ಉಂಟು, ಅವನ್ನು ಸರಗೂರು ಗುಂಪು ಎನ್ನುತ್ತಾರೆ. ಆದರೆ ಧಾರವಾಡದ ಮುಖ್ಯ ಶಿಲಾಸಮೂಹ ನೈಸ್‌ನ ಮೇಲೆಯೇ ಕುಳಿತಿದೆ. ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಅದರ ತಳದಲ್ಲಿರುವ ಗುಂಡುಕಲ್ಲುಗಳ ಪದರ ಇದಕ್ಕೆ ಸಾಕ್ಷಿ. ಹಳೆಯ ನೆಲ ಸವೆಯದೆ ಅಂಥ ಪದರ ಉಂಟಾಗುವಂತಿಲ್ಲ. ನೈಸ್‌ಗೆ ಮುನ್ನೂರು ಕೋಟಿ ವರ್ಷ ಮತ್ತು ಅದಕ್ಕೂ ಮಿಕ್ಕಿದ ವಯಸ್ಸು. ಅದರ ಮೇಲಿನ ಧಾರವಾಡ ಶಿಲೆಗಳಿಗೆ ಸುಮಾರು 260ರಿಂದ 290 ಕೋಟಿ. ಕಾಲವನ್ನಳೆಯುವ ಯಾವ ಉಪಕರಣವೂ ಇಲ್ಲದೆ, ಕಣ್ಣು, ಕಾಲು ಮತ್ತು ಸುತ್ತಿಗೆಗಳನ್ನೇ ನಂಬಿ ಫೂಟ್ ಕಂಡುಕೊಂಡ ಕ್ರಮ ಮೂಲಭೂತವಾಗಿ ಸರಿಯಾಗಿತ್ತು.

ಬಳ್ಳಾರಿಯಲ್ಲಿ ಅವರ ಕುತೂಹಲ ಇನ್ನೊಂದು ದಿಕ್ಕಿಗೆ ಹೊರಳಿತು. ಸಂಗನಕಲ್ಲು ಬಳಿಯ ಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ನೆಲೆಯನ್ನು ಅವರು ಗುರುತಿಸಿದರು. ಕುಡತಿನಿ ಮೊದಲಾದೆಡೆ ಇರುವ ಬೂದಿದಿಬ್ಬಗಳು ಆ ಮೊದಲೇ ವಿದ್ವಾಂಸರನ್ನು ಕಾಡಿದ್ದವು. ಅದು ಹಿಡಿಂಬಾಸುರನ ಚಿತೆಯೆಂದು ಜನರು ಹೇಳುತ್ತಿದ್ದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆನ್ನುವುದೂ ಉಂಟು. ಜ್ವಾಲಾಮುಖಿಯ ಉಳಿಕೆಯೋ ಎಂಬ ಊಹೆಯೂ ಇತ್ತು. ಫೂಟ್ ಅವರು ದನಕರುಗಳನ್ನೇ ಬದುಕಿನ ಆಸರೆ ಮಾಡಿಕೊಂಡಿದ್ದ ನವಶಿಲಾಯುಗದ ಜನರ ಸಗಣಿರಾಶಿ ಸುಟ್ಟು ಆದ ದಿಬ್ಬಗಳಿವು ಎಂದರು. ಕೆಲವರಿಗೆ ಇದು ಹಾಸ್ಯಾಸ್ಪದವೆನಿಸಿತು. 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ತೆಲಂಗಾಣದ ಉತ್ನೂರಿನಲ್ಲಿ ಉತ್ಖನನ ನಡೆಸಿದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಫೂಟ್ ಅವರ ಊಹೆ ಊರ್ಜಿತವಾಯಿತು.

1891ರಲ್ಲಿ ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನಕ್ಕೆ ಭೂವಿಜ್ಞಾನಿಯಾದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಅವರ ಮೊದಲ ಪತ್ನಿ, ತಮಿಳು ವಿದ್ವಾಂಸ ಪೀಟರ್ ಪರ್ಸಿವಲ್ ಅವರ ಮಗಳು, 1870ರಲ್ಲೇ ತೀರಿಕೊಂಡಿದ್ದರು. ಪರ್ಸಿವಲ್ ನೆಲೆಸಿದ್ದ ಸೇಲಂ ಬಳಿಯ ಯೇರ್ಕಾಡಿನಲ್ಲೇ ಫೂಟ್ ಕೂಡ ಮನೆ ಮಾಡಿಕೊಂಡರು. ನಾನೂರಕ್ಕೂ ಹೆಚ್ಚು ನೆಲೆಗಳಿಂದ ನಲವತ್ತು ವರ್ಷ ಕೂಡಿಸಿದ್ದ ಪ್ರಾಚೀನ ವಸ್ತುಗಳ ಸಂಗ್ರಹ 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಪಾಲಾಯಿತು. ಉಳಿದ ವರ್ಷಗಳನ್ನು ಅವರು ಆ ಒಂದೊಂದು ಕಲ್ಲು, ಒಂದೊಂದು ಮಡಕೆ ಚೂರು ಎಲ್ಲಿ ಸಿಕ್ಕಿತು, ಯಾವ ಕಾಲದ್ದು ಎಂದು ಪಟ್ಟಿ ಮಾಡುವುದರಲ್ಲಿ ಸವೆಸಿದರು. 1912ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅವರು ನಿಧನರಾದರು. ಆ ಪಟ್ಟಿ 1914ರಲ್ಲಿ, ಅದರ ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ತಮ್ಮ ಜೀವಮಾನದ ಕೆಲಸ ಪುಸ್ತಕವಾದದ್ದನ್ನು ಅವರು ಕಾಣಲಿಲ್ಲ. ಯೇರ್ಕಾಡಿನ ಇಗರ್ಜಿಯಲ್ಲಿ ಅವರ ಸ್ಮಾರಕವಿದೆ.

ಫೂಟ್ ಅವರ ಬದುಕನ್ನು ಇಂದು ನೆನೆಯಲು ಕಾರಣವೇನು? ಅವರು ತೋರಿಸಿದ ಶಿಲೆಗಳಿಗೆ ಬೆಲೆ ಕಟ್ಟುವವರು ಎಂದೂ ಕಡಿಮೆಯಾಗಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗದಗ ಸೀಮೆಗೆ ಚಿನ್ನದ ಕಂಪನಿಗಳು ನುಗ್ಗಿ, ಅಗೆದು, ಕೈಚೆಲ್ಲಿ ಹೋದವು. ಸಂಡೂರಿನ ಕಬ್ಬಿಣದ ಅದಿರು, ಅದೂ ಇದೇ ಧಾರವಾಡ ಶಿಲಾಸಮೂಹದ್ದು, ಎಂಥ ಲೂಟಿಗೆ ಗುರಿಯಾಯಿತೆಂಬುದನ್ನು 2011ರ ಲೋಕಾಯುಕ್ತ ವರದಿ ನಾಡಿನ ಮುಂದಿಟ್ಟಿತು. ಕಪ್ಪತಗುಡ್ಡದ ಚಿನ್ನದ ಮೇಲೆ ಮತ್ತೆ ಮತ್ತೆ ಕಣ್ಣು ಬಿದ್ದಾಗ ಜನರು ಬೀದಿಗಿಳಿಯಬೇಕಾಯಿತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಕಲ್ಲಿನಲ್ಲಿ ಲೋಹವನ್ನು ಕಾಣುವ ಕಣ್ಣು ನಮಗೆ ಬೇಗ ಬಂತು. ಅದರಲ್ಲಿ ಕಾಲವನ್ನು ಕಾಣುವ ಕಣ್ಣು ಬರಲಿಲ್ಲ. ಫೂಟ್ ಅವರಿಗೆ ಎರಡೂ ಇದ್ದವು. ಮೊದಲನೆಯದಕ್ಕೆ ಅವರಿಗೆ ಸಂಬಳ ಸಿಗುತ್ತಿತ್ತು. ಅವರು ಇಂದಿಗೂ ಉಳಿದಿರುವುದು ಎರಡನೆಯದರಿಂದ.

ಅವರ ಹಾದಿಯಲ್ಲಿ ನಡೆದವರು ನಮ್ಮಲ್ಲಿ ಇಲ್ಲದಿಲ್ಲ. ಮಲಪ್ರಭಾ ಕಣಿವೆಯ ಹಳೆ ಶಿಲಾಯುಗವನ್ನು ಕುರಿತ ಆರ್. ವಿ. ಜೋಶಿ ಅವರ ಅಧ್ಯಯನ 1955ರಲ್ಲಿ ಪ್ರಕಟವಾಯಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ ಅವರು ಸಂಗನಕಲ್ಲಿನ ಸಂಶೋಧನೆಯನ್ನು ಮುಂದುವರಿಸಿದರಲ್ಲದೆ, ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಪುರಾತತ್ತ್ವ ವಸ್ತುಸಂಗ್ರಹಾಲಯ ರೂಪುಗೊಳ್ಳಲು ಕಾರಣರಾದರು. ಬಳ್ಳಾರಿ ತನ್ನ ಋಣವನ್ನು ಒಂದಿಷ್ಟು ತೀರಿಸಿದೆ. ಧಾರವಾಡ?

ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮಾನ್ಯತೆ ಇದೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಕಡಲ ತಳದಲ್ಲಿ ಹರಿದು ದಿಂಬಿನಾಕಾರ ತಳೆದ ಲಾವಾಕ್ಕೂ, ಉಡುಪಿ ಬಳಿಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳಿಗೂ ಆ ಗೌರವವಿದೆ. ಇಡೀ ಶಿಲಾಪೀಠಕ್ಕೆ ಹೆಸರು ಕೊಟ್ಟ ಊರಿನ ಒಂದು ಬಂಡೆಯೂ ಆ ಪಟ್ಟಿಯಲ್ಲಿಲ್ಲ. ನಮ್ಮ ರಸ್ತೆಗಳನ್ನು ಅಗಲಿಸುವಾಗ, ಹೊಸ ಬಡಾವಣೆಗಳಿಗೆ ಗುಡ್ಡ ಕಡಿಯುವಾಗ ಓರೆಯಾಗಿ ನಿಂತ ಶಿಲಾಪದರಗಳು ಕೆಲವು ದಿನ ಹೊರಗೆ ಕಾಣುತ್ತವೆ. ಆಮೇಲೆ ಸಿಮೆಂಟಿನ ಹಿಂದೆ ಮರೆಯಾಗುತ್ತವೆ. ಅವು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಡಲ ಹೂಳು ಗಟ್ಟಿಯಾಗಿ, ಒತ್ತಡಕ್ಕೆ ಮಡಿಚಿ ಎದ್ದು ನಿಂತ ರೂಪ. ಮೀನು, ಹುಲ್ಲು, ಹಕ್ಕಿ ಯಾವುದೂ ಹುಟ್ಟಿರದ ಲೋಕದ ಸಾಕ್ಷಿ.

ಅಂಥ ಒಂದು ಕಡಿತವನ್ನಾದರೂ ಹಾಗೆಯೇ ಉಳಿಸಿ, ಇದು ಏನೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು ನಿಲ್ಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮಹಾನಗರ ಪಾಲಿಕೆ, ವಿಶ್ವವಿದ್ಯಾಲಯ ಮತ್ತು ಶಿಕ್ಷಣ ಇಲಾಖೆ ಕೂಡಿ ಮನಸ್ಸು ಮಾಡಿದರೆ ಒಂದು ವರ್ಷದಲ್ಲಿ ಆಗುವಂಥದ್ದು. ನಮ್ಮ ಮಕ್ಕಳು ಶಾಲೆಯಿಂದ ಅಲ್ಲಿಗೆ ನಡೆದು ಹೋಗಿ ಆ ಪದರಗಳನ್ನು ಮುಟ್ಟಿ ನೋಡುವಂತಾಗಬೇಕು. ಮದರಾಸಿನ ಗುಂಡಿಯೊಂದರ ಬಳಿ ಬಾಗಿ ಒಂದು ಕಲ್ಲನ್ನು ಎತ್ತಿಕೊಂಡ ತರುಣ ಮಾಡಿದ್ದೂ ಅಷ್ಟೇ. ಧಾರವಾಡದ ಹೆಸರು ಜಗತ್ತಿನ ಪಠ್ಯಗಳಲ್ಲಿ ಇದೆ ಎಂಬ ಹೆಮ್ಮೆ ಒಳ್ಳೆಯದೇ. ಆ ಹೆಸರು ಯಾವ ಕಲ್ಲಿನದೆಂದು ಧಾರವಾಡದ ಮಗುವಿಗೂ ಗೊತ್ತಾದ ದಿನ ಆ ಹೆಮ್ಮೆಗೆ ಅರ್ಥ ಬರುತ್ತದೆ.